ಅವ್ವನ ಕಾಲು, ಪಡಸಾಲೆಯ ಪರಸಿ

ಶನಿವಾರದಿಂದ ಒಂದೇ ಚಿತ್ರ ಕಣ್ಣ ಮುಂದೆ ಬರ್ತಿದೆ. ಹುಬ್ಬಳ್ಳಿಯ ಒಂದು ಟೈಲ್ಸ್ ಅಂಗಡಿ. ನೆಲದ ತುಂಬ ಸ್ಯಾಂಪಲ್ ಟೈಲ್ಸ್ ಹಾಸಿದ್ದಾರೆ. ಅವ್ವ ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದಾಳೆ. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದು ಕೈಯಲ್ಲಿ ನನ್ನ ತೋಳು. ಒಂದೊಂದೇ ಟೈಲ್ಸ್ ಮೇಲೆ ನಿಲ್ಲುತ್ತಾಳೆ, ಅರ್ಧ ನಿಮಿಷ ಸುಮ್ಮನಿರುತ್ತಾಳೆ, ಮುಂದಿನದಕ್ಕೆ ಹೋಗುತ್ತಾಳೆ.

ಆಮೇಲೆ ನೀರು ಕೇಳಿದಳು. ಅಂಗಡಿ ಹುಡುಗ ಕುಡಿಯೋದಕ್ಕೆ ಅಂದುಕೊಂಡು ಬಾಟ್ಲಿ ತಂದುಕೊಟ್ಟ. ಅವ್ವ ಅಂಗೈಗೆ ಸುರಿದುಕೊಂಡು ಟೈಲ್ಸ್ ಮೇಲೆ ಚಿಮುಕಿಸಿದಳು.

"ಅಮ್ಮಾರ, ನೀರು ಯಾಕ್ರಿ?"

"ನನ್ನ ಕಾಲು ಏನಂತೈತಿ ನೋಡೂನು."

ಅಣ್ಣನಿಗೆ ಮುಜುಗರ. "ಅವ್ವಾ, ಕಾಲಿಗೇನ್ ಕೇಳ್ತಿ, ನೋಡಾಕ ಹೆಂಗೈತಿ ಹೇಳು" ಅಂದ. ಅವ್ವ ತಲೆ ಎತ್ತಲಿಲ್ಲ. "ಚಂದ ಐತಿ. ಆದ್ರ ನಾ ಏನ್ ಕಣ್ಣಿಲೆ ನಡೀತೇನೇನಪಾ?"

ನಾನು ನೋಡುತ್ತಿದ್ದದ್ದು ಅವಳ ಪಾದ. ಬಿರುಕು ಬಿಟ್ಟ ಹಿಮ್ಮಡಿ, ಗಂಟು ಕಟ್ಟಿದ ಹೆಬ್ಬೆರಳು. ಆ ಹೊಳೆಯುವ ಬಿಳಿ ಟೈಲ್ಸ್ ಮೇಲೆ ಐದೂ ಬೆರಳು ಒಳಕ್ಕೆ ಮಡಚಿಕೊಂಡು ನೆಲ ಹಿಡಿಯೋದಕ್ಕೆ ನೋಡುತ್ತಿದ್ದವು. ಹಿಡಿತ ಸಿಗಲಿಲ್ಲ. ನನ್ನ ತೋಳಿನ ಮೇಲೆ ಅವಳ ಕೈ ಬಿಗಿಯಾಯಿತು. ಎರಡು ವರ್ಷದ ಹಿಂದೆ ನೆಂಟರ ಮನೆಯಲ್ಲಿ ಇಂಥದೇ ನೆಲದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡವಳು ಅವಳು. ಆರು ವಾರ ಪ್ಲಾಸ್ಟರ್. ಅದನ್ನು ನಾವು ಮಕ್ಕಳು ಮರೆತಿದ್ದೆವು, ಅವಳ ಕಾಲು ಮರೆತಿರಲಿಲ್ಲ.

ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಐವತ್ತು ವರ್ಷದಿಂದ ಇರೋದು ಶಹಾಬಾದ್ ಪರಸಿ. ಕಲಬುರಗಿ ಕಡೆಯ ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ. ಅಪ್ಪ ಲಾರಿಯಲ್ಲಿ ತರಿಸಿ ಹಾಸಿಸಿದ್ದ ಬೂದು ಬಣ್ಣದ ಚೌಕಗಳು. ಈಗ ಸಂದುಗಳಲ್ಲಿ ಸಿಮೆಂಟ್ ಎದ್ದಿದೆ, ಮೂರ್ನಾಲ್ಕು ಕಲ್ಲು ಅಲ್ಲಾಡುತ್ತವೆ, ಪಡಸಾಲೆ ಕತ್ತಲೆ ಅನಿಸುತ್ತದೆ. ಏನಾದರೂ ಮಾಡಲೇಬೇಕಿತ್ತು. ಅಣ್ಣನದು ಒಂದೇ ಹಟ. ಎರಡಡಿ-ನಾಲ್ಕಡಿಯ ಬಿಳಿ ವಿಟ್ರಿಫೈಡ್ ಟೈಲ್ಸ್, ಕನ್ನಡಿ ಹಾಗೆ ಹೊಳೆಯಬೇಕು. ಅವನು ಕೆಟ್ಟವನಲ್ಲ. ಮನೆ ನೋಡಿಕೊಂಡು ಅವ್ವನ ಜೊತೆ ಇರೋನು ಅವನೇ. ಆದರೆ ಮನೆಗೆ ಬಂದವರು ಏನಂದಾರು ಅನ್ನೋ ಲೆಕ್ಕ ಅವನಲ್ಲಿ ಸ್ವಲ್ಪ ಜಾಸ್ತಿ. ನಾನೂ ಮೊದಲು ಅವನ ಪರವಾಗಿಯೇ ಇದ್ದೆ. ಬೆಂಗಳೂರಿನ ನನ್ನ ಫ್ಲಾಟಿನಲ್ಲೂ ಅದೇ ನೆಲ ಅಲ್ವಾ.

ಶಿಕಾಗೋದಲ್ಲಿರುವ ಅಣ್ಣನ ಮಗ ವಿಡಿಯೋ ಕಾಲ್‌ನಲ್ಲಿ ಬೇರೆಯದೇ ಹೇಳಿದ. "ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕ್ಸಿ ಅತ್ತಿ. ಅಜ್ಜಿ ಬಿದ್ರೂ ಪೆಟ್ಟಾಗಂಗಿಲ್ಲ." ಹುಡುಗನ ಕಾಳಜಿಗೆ ಮನಸ್ಸು ತುಂಬಿತು. ಅವನಿರುವ ಊರಿಗೆ ಅದು ಸರಿ. ಹಿಮ ಬೀಳುವ ಕಡೆ ಕಾಲಿಗೆ ಬೆಚ್ಚಗಿನ ನೆಲ ಬೇಕು, ಮನೆಯೊಳಗೂ ಹೀಟರ್ ಗಾಳಿ ಒಣಗಿರುತ್ತದೆ. ಧಾರವಾಡದಲ್ಲಿ ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡೋದಿಲ್ಲ. ಒಗೆದ ಬಟ್ಟೆಯೇ ಒಣಗೋದಿಲ್ಲ, ಕಪಾಟಿನ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ನೆಲಕ್ಕೆ ಅಂಟಿಸಿದ ಕಾರ್ಪೆಟ್ಟಿನ ಅಡಿಯಲ್ಲಿ ತೇವ ಕೂತರೆ ಅದನ್ನು ಎತ್ತಿ ಬಿಸಿಲಿಗೆ ಹಾಕೋದು ಹೇಗೆ? ಅಣ್ಣನ ಹೆಂಡತಿ, ನಮ್ಮ ವೈನಿ, ಅವಳಿಗೆ ಮೊದಲೇ ಧೂಳಿನ ಅಲರ್ಜಿ.

ಟೈಲ್ಸ್ ಅಂಗಡಿಯ ಹುಡುಗ ಮಾತ್ರ ನನಗೆ ತುಂಬಾ ಇಷ್ಟವಾದ. ಅವ್ವ ನೀರು ಚೆಲ್ಲಿದಾಗ ಅವನು ನಗಲಿಲ್ಲ. ಬಟ್ಟೆ ತಂದು ಒರೆಸಿ, ಒಳಗಿನಿಂದ ಒಂದು ಮ್ಯಾಟ್ ಟೈಲ್ಸ್ ತಂದ. ಡಬ್ಬದ ಮೇಲೆ ಆರ್-10 ಅಂತ ಬರೆದಿತ್ತು. ಜಾರದ ಗುಣಕ್ಕೆ ಆರ್-9ರಿಂದ ಆರ್-13ರ ತನಕ ನಂಬರ್ ಇರುತ್ತದೆ, ಹೆಚ್ಚಿದ್ದಷ್ಟೂ ಹಿಡಿತ ಜಾಸ್ತಿ ಅಂತ ಹೇಳಿಕೊಟ್ಟ. ರಾತ್ರಿ ಕೂತು ಓದಿದೆ. ಆ ಆರ್ ನಂಬರ್ ಕೊಡೋದು ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ಹಾಕಿದವರನ್ನು ನಡೆಸಿ ನೋಡಿ. ಬರಿಗಾಲಿಗೆ ಬೇರೆಯದೇ ಪರೀಕ್ಷೆ ಇದೆ, ಸೋಪಿನ ನೀರು ಹಾಕಿ ಮಾಡೋದು, ಅದಕ್ಕೆ ಎ, ಬಿ, ಸಿ ಅಂತ ದರ್ಜೆ. ಓದುತ್ತಾ ಮೈ ಜುಮ್ ಅಂತು. ಈ ಪರೀಕ್ಷೆಗಳು ಜರ್ಮನಿಯವು. ಅಲ್ಲಿಯವರು ನಿಯಮ ಬರೆದು ಮಾಡುವುದನ್ನೇ ಅವ್ವ ಒಂದು ಬಾಟ್ಲಿ ನೀರಿನಲ್ಲಿ ಮಾಡಿದ್ದಳು. ನಮ್ಮ ಮನೆಯೊಳಗೆ ಬೂಟು ಹಾಕೋರು ಯಾರಿದ್ದಾರೆ?

ಭಾನುವಾರ ಗೌಂಡಿ ಬಂದ. ಸುತ್ತಿಗೆಯ ಹಿಡಿಕೆಯಿಂದ ಒಂದೊಂದು ಕಲ್ಲಿಗೂ ಬಡಿದು ಸದ್ದು ಕೇಳಿದ. ಮೂರು ಕಲ್ಲು ಟೊಳ್ಳು. ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಬಹುದಾ ಅಂತ ಅಣ್ಣ ಕೇಳಿದ. ಕೂರಿಸಬಹುದು, ಆದರೆ ಟೈಲ್ಸ್, ಅಂಟು ಸೇರಿ ಅರ್ಧ ಇಂಚು ನೆಲ ಏರುತ್ತದೆ, ಬಾಗಿಲು ಕೊಯ್ಯಬೇಕು, ಅಡುಗೆಮನೆಗೆ ಹೋಗೋ ಕಡೆ ಒಂದು ಸಣ್ಣ ಮೆಟ್ಟಿಲಾಗುತ್ತದೆ ಅಂದ. ಆ ಅರ್ಧ ಇಂಚೇ ನನ್ನನ್ನು ಹೆದರಿಸಿದ್ದು. ದೊಡ್ಡ ಮೆಟ್ಟಿಲಾದರೆ ಅವ್ವನಿಗೆ ಕಾಣುತ್ತದೆ, ಅರ್ಧ ಇಂಚು ಕಾಣೋದಿಲ್ಲ.

ಅವನು ಬಡಿಯುತ್ತಾ ದೇವರ ಕೋಣೆಯ ಹತ್ತಿರ ಬಂದಾಗ ಒಂದು ಬಿಳಿ ಮಚ್ಚೆ ನೋಡಿ ನಿಂತ. ನಿಂಬೆಹಣ್ಣಿನ ರಸ ಬಿದ್ದ ಗುರುತು. ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ಹೊಳಪು ತಿಂದುಬಿಡುತ್ತದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಲ್ಲೇ ಕೂತು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಿದ್ದೆ. ಅದೇ ನೆಲದ ಮೇಲೆ ಬೇಸಿಗೆ ಮಧ್ಯಾಹ್ನ ಹೊಟ್ಟೆ ಅಡಿಯಾಗಿ ಮಲಗಿ ಪರೀಕ್ಷೆಗೆ ಓದಿದ್ದು. ಶೇಂಗಾ ಸುಲಿದದ್ದು, ಶಾವಿಗೆ ಹರವಿದ್ದು, ಊಟಕ್ಕೆ ಸಾಲಾಗಿ ಕೂತದ್ದು, ಅಪ್ಪನನ್ನು ಕೊನೆಗೆ ಮಲಗಿಸಿದ್ದು, ಎಲ್ಲ ಅಲ್ಲೇ. ನಮ್ಮ ಮನೆಗಳಲ್ಲಿ ಕುರ್ಚಿ, ಮಂಚ, ಮೇಜು ಎಲ್ಲವೂ ನೆಲವೇ ಆಗಿತ್ತು. ಸೋಫಾ ಬಂದ ಮೇಲೆ ಮೈ ನೆಲಕ್ಕೆ ತಾಗೋದು ನಿಂತಿತು. ಈಗ ನೆಲ ಆರಿಸುವಾಗ ದೂರ ನಿಂತು ನೋಡುತ್ತೇವೆ. ಎಷ್ಟು ಹೊಳೆಯುತ್ತದೆ, ಫೋಟೋದಲ್ಲಿ ಹೇಗೆ ಬರುತ್ತದೆ ಅಂತ ಕೇಳುತ್ತೇವೆ. ಮೊಣಕಾಲು ನೋವಿನಿಂದ ಅವ್ವನೂ ಈಗ ನೆಲದ ಮೇಲೆ ಕೂರಲಾರಳು. ಆದರೂ ಈ ಮನೆಯಲ್ಲಿ ನೆಲವನ್ನು ಬರಿಗಾಲಲ್ಲಿ ದಿನಕ್ಕೆ ನೂರು ಸಲ ಮುಟ್ಟುವವಳು ಅವಳೇ. ಅವಳನ್ನು ನಾವು ಅಂಗಡಿಗೆ ಕರೆದೊಯ್ದದ್ದು ಕೇಳೋದಕ್ಕಲ್ಲ, ತೋರಿಸೋದಕ್ಕೆ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಪರಸಿ ಉಳಿಯಿತು. ಟೊಳ್ಳು ಕಲ್ಲು ಬದಲಿಸಿ, ಸಂದು ತುಂಬಿ, ಮಶೀನಿನಿಂದ ತಿಕ್ಕೋದು, ಕನ್ನಡಿ ಹೊಳಪು ಬರೋ ಮುಂಚೆ ನಿಲ್ಲಿಸೋದು. ಅಡುಗೆಮನೆಗೆ ಮಾತ್ರ ಹಳೆಯದನ್ನು ಕಿತ್ತು ಆ ಹುಡುಗ ತೋರಿಸಿದ ಮ್ಯಾಟ್ ಟೈಲ್ಸ್, ನೆಲದ ಮಟ್ಟ ಒಂದೇ ಇರೋ ಹಾಗೆ. ಅಣ್ಣ ಎರಡು ದಿನ ಮಾತಾಡಲಿಲ್ಲ. ಮಂಗಳವಾರ ತಾನೇ ಹೋಗಿ ಮೂರು ಹೊಸ ಕಲ್ಲು ಆರಿಸಿ ತಂದ. ಬಣ್ಣ ಹೊಂದುತ್ತದೋ ಇಲ್ಲವೋ ಅಂತ ಹಳೇ ಕಲ್ಲಿನ ಚೂರನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದ.

ಜಮಖಾನದ ಮಾತು ಮಾತ್ರ ಮುಗಿದಿಲ್ಲ. ಅವ್ವನ ಮದುವೆಯಲ್ಲಿ ತವರಿನವರು ಕೊಟ್ಟ ನವಲಗುಂದದ ಜಮಖಾನ ಅದು. ಅಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ನಿಲುವು ಮಗ್ಗದ ಮೇಲೆ ನೇಯೋದು. ನಡುವೆ ಪಗಡೆ ಹಾಸು, ಅಂಚಿಗೆ ನವಿಲು. ಕೆಂಪು ಇನ್ನೂ ಮಾಸಿಲ್ಲ. ಪಡಸಾಲೆ ಸಿದ್ಧವಾದ ಮೇಲೆ ಅದನ್ನು ಹಾಸಬೇಕು ಅಂತ ಅವ್ವನ ಆಸೆ. ನನಗೆ ಭಯ. ನುಣ್ಣನೆ ಕಲ್ಲಿನ ಮೇಲೆ ಜಮಖಾನ ಸರಿಯುತ್ತದೆ, ಅಂಚು ಮಡಚಿದರೆ ಅವಳ ಕೋಲು ಸಿಕ್ಕಿಕೊಳ್ಳುತ್ತದೆ. ದಿವಾನದ ಮೇಲೆ ಹಾಸೋಣ ಅಂತ ವೈನಿ ಹೇಳಿದಳು. ಅವ್ವ ಒಪ್ಪಲಿಲ್ಲ.

"ಜಮಖಾನ ಹಾಸೂದು ಮಂದಿ ಕೂಡಿ ಕುಂಡ್ರಾಕ. ಒಬ್ಬರು ಕುಂಡ್ರೂ ಜಾಗಕ್ಕ ಅಲ್ಲ."

ಇವತ್ತು ಬೆಳಿಗ್ಗೆಯೂ ಅದು ಟ್ರಂಕಿನ ಮೇಲೆ ಮಡಚಿಕೊಂಡೇ ಇತ್ತು. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮಡಿಕೆಯೊಳಗಿನ ಬೇವಿನೆಲೆ ಒಂದೊಂದೇ ತೆಗೆದು ಹೊಸದು ಇಡುತ್ತಿದ್ದಳು.