ಬುರುಡೆ, ಕರಣೆ ಮತ್ತು ಅಂಟು

ಕಳೆದ ಮಳೆಗಾಲದಲ್ಲಿ ನನ್ನ ವೀಣೆಯ ಮೇಲಿನ ಬುರುಡೆ ಬಿರುಕುಬಿಟ್ಟು ಎರಡು ಹೋಳಾಯಿತು. ಅದು ನಿಜವಾದ ಸೋರೆಬುರುಡೆಯಾಗಿದ್ದುದರಿಂದ ಹೋಳುಗಳನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿದೆ. ಅದರ ಜಾಗಕ್ಕೆ ಬಂದದ್ದು ಫೈಬರ್‌ಗ್ಲಾಸ್ ಬುರುಡೆ. ಅದು ಹಗುರವೂ ಗಟ್ಟಿಯೂ ಹೌದು, ಆದರೆ ಒಡೆದ ದಿನ ಅದನ್ನು ಯಾವ ಮಣ್ಣಿಗೂ ಸೇರಿಸಲಾಗದು. ಆಗಿನಿಂದ ನಾನು ಮಣ್ಣಿನಲ್ಲಿ ಕರಗಬಲ್ಲ ಕಾಂಪೋಸಿಟ್ ವಸ್ತುಗಳ ಬಗ್ಗೆ ಓದುತ್ತ, ಕೈಲಾದಷ್ಟು ಮಾಡಿ ನೋಡುತ್ತ ಬಂದಿದ್ದೇನೆ.

ಒಂದು ನಾರನ್ನೋ ಪುಡಿಯನ್ನೋ ಒಂದು ಅಂಟಿನಲ್ಲಿ ಹಿಡಿದಿಟ್ಟರೆ ಕಾಂಪೋಸಿಟ್ ಆಗುತ್ತದೆ. ಹೆಸರು ಹೊಸದಾದರೂ ನಮ್ಮ ವಾದ್ಯಗಳಿಗೆ ಈ ಕೆಲಸ ಹೊಸದಲ್ಲ. ವೀಣೆಯ 24 ಮೆಟ್ಟಿಲುಗಳು ಕುಳಿತಿರುವುದು ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿದ ಕಪ್ಪು ಮೇಣದ ಮೇಲೆ. ಮೃದಂಗದ ಬಲಮುಖದ ನಡುವಿನ ಕಪ್ಪು ವೃತ್ತವಾದ ಕರಣೆಯಾದರೋ ಖನಿಜದ ಪುಡಿಯನ್ನು ಅನ್ನದೊಂದಿಗೆ ಅರೆದು, ತೆಳುವಾದ ಪದರದ ಮೇಲೆ ಪದರವಾಗಿ ಉಜ್ಜಿ ಕೂರಿಸಿದ್ದು. ನಡುವೆ ದಪ್ಪವಾಗಿ ಅಂಚಿನತ್ತ ತೆಳುವಾಗುವ ಆ ತೂಕವೇ ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ಮೂಲ ಶ್ರುತಿಯ ಎರಡು, ಮೂರು ಪಟ್ಟು ಎಂಬಂಥ ಪೂರ್ಣ ಗುಣಕಗಳಿಗೆ ತರುತ್ತದೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲೇ ಸಹಲೇಖಕರೊಬ್ಬರೊಂದಿಗೆ ಪ್ರಕಟಿಸಿದ್ದರು. ಎಡಮುಖಕ್ಕೆ ಹಚ್ಚುವ ರವೆಯ ಕಣಕವನ್ನಂತೂ ಕಛೇರಿ ಮುಗಿದ ಕೂಡಲೇ ಕೆರೆದು ತೆಗೆಯುತ್ತಾರೆ.

ಇಂದಿನ ಪ್ರಯತ್ನಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಗಸೆ ನಾರಿನದು, ಅಂದರೆ ನಾವು ಚಟ್ನಿಪುಡಿ ಮಾಡುವ ಅಗಸೆಯ ಕಾಂಡದಿಂದ ಬರುವ ಲಿನನ್‌ನದು. ಸ್ಯಾನ್ ಫ್ರಾನ್ಸಿಸ್ಕೋದ ಬ್ಲ್ಯಾಕ್‌ಬರ್ಡ್ ಸಂಸ್ಥೆ ಈ ನಾರನ್ನು ಸಸ್ಯಮೂಲದ ರಾಳದೊಂದಿಗೆ ಬೆಸೆದು, ಎಕೋವಾ ಎಂಬ ಹೆಸರಿನ ಆ ವಸ್ತುವಿನಲ್ಲಿ ಗಿಟಾರ್ ಮತ್ತು ಯುಕುಲೇಲೆಗಳನ್ನು ಮಾಡಿದೆ. ಕಾರ್ಬನ್ ನಾರು ಬಹಳ ಬಿಗಿಯಾದದ್ದು, ನಾದವನ್ನು ಬೇಗ ಹೀರಿಕೊಳ್ಳದು. ಅದರ ದನಿ ಚುರುಕಾದರೂ ಮರದ ಬೆಚ್ಚನೆಯ ಗುಣ ಕಡಿಮೆ. ಅಗಸೆ ನಾರು ತನ್ನೊಳಗೇ ಕಂಪನವನ್ನು ಸ್ವಲ್ಪ ತಗ್ಗಿಸುವುದರಿಂದ ಮರಕ್ಕೆ ಹತ್ತಿರವಾಗುತ್ತದೆ. ಕಷ್ಟವಿರುವುದು ತೂಕದಲ್ಲಿ. ಗಿಟಾರಿನ ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರದ ಒಂದು ಘನ ಮೀಟರ್ ಸುಮಾರು 400ರಿಂದ 450 ಕಿಲೋ ತೂಗಿದರೆ, ನಾರು ಮತ್ತು ರಾಳ ಸೇರಿದ ಹಲಗೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಆದ್ದರಿಂದ ಅದನ್ನು ಬಹಳ ತೆಳುವಾಗಿಸಬೇಕು, ಇಲ್ಲವೇ ನಡುವೆ ಹಗುರವಾದ ತಿರುಳನ್ನಿಟ್ಟು ಎರಡು ಬದಿಗೆ ಹೊದಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸಸ್ಯದಿಂದ ಬಂದದ್ದೆಲ್ಲ ಮಣ್ಣಿನಲ್ಲಿ ಕರಗುವುದಿಲ್ಲ. ಎಪಾಕ್ಸಿ ಎಂದರೆ ಬೆರೆಸಿದ ಮೇಲೆ ಗಟ್ಟಿಯಾಗುವ ರಾಳದ ಅಂಟು; ಸಸ್ಯಮೂಲದ ಎಪಾಕ್ಸಿಯೂ ಒಮ್ಮೆ ಗಟ್ಟಿಯಾದರೆ ಸಾಮಾನ್ಯ ಎಪಾಕ್ಸಿಯಷ್ಟೇ ಹಟಮಾರಿ. ಜೋಳದ ಪಿಷ್ಟದಿಂದ ಬರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಕರಗಲು ಹಿತ್ತಲಿನ ಗುಂಡಿ ಸಾಲದು, 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುವ ಕಾಂಪೋಸ್ಟ್ ಘಟಕ ಬೇಕು. ಹೆಚ್ಚುಕಡಿಮೆ ಅಷ್ಟೇ ಬಿಸಿಗೆ ಅದು ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದರ ವಾದ್ಯ ಸೊಟ್ಟಗಾದೀತು. ಹೀಗಾಗಿ ಯಾವುದೇ ಹಸಿರು ವಾದ್ಯವನ್ನು ಕಂಡರೂ ನಾನು ಮೊದಲು ಕೇಳುವುದು ಅದರ ಅಂಟು ಯಾವುದೆಂದು.

ನನ್ನ ಪ್ರಯೋಗಕ್ಕೆ ದಾರಿ ತೋರಿದವರು ಅಜ್ಜಿ. ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದೊಂದಿಗೆ ರುಬ್ಬಿ, ಮೊರಕ್ಕೆ ಬಳಿಯುತ್ತಿದ್ದ ಅದೇ ಮುದ್ದೆಯನ್ನು ಮಡಕೆಯೊಂದರ ಮೇಲೆ ಬಳಿದು ಬುರುಡೆ ಮಾಡಿದೆ. ಮೇಲಿನ ಬುರುಡೆ ನಾದಕ್ಕಿಂತ ಹೆಚ್ಚಾಗಿ ವೀಣೆಗೆ ಆಸರೆಯಾಗುವುದರಿಂದ ಅಲ್ಲಿ ತಪ್ಪಿದರೂ ವಾದ್ಯ ಕೆಡದೆಂಬ ಧೈರ್ಯವಿತ್ತು. ಮೊದಲನೆಯದು ಒಣಗುವಾಗ ಕುಗ್ಗಿ ಸೀಳಿತು. ಎರಡನೆಯದಕ್ಕೆ ಬಾಳೆನಾರನ್ನು ಕತ್ತರಿಸಿ ಬೆರೆಸಿದೆ, ಸೀಳಲಿಲ್ಲ; ಆದರೆ ಆಷಾಢದ ತೇವಕ್ಕೆ ಬೂಷ್ಟು ಹಿಡಿಯಿತು. ಮೂರನೆಯದಕ್ಕೆ ಒಳಗೂ ಹೊರಗೂ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವಂಥ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮೂರು ಬಾರಿ ಹಚ್ಚಿದ್ದೇನೆ. ಅದು ಈಗ ವೀಣೆಯ ದಂಡಿಯಡಿಯಲ್ಲಿ, ನನ್ನ ಎಡತೊಡೆಯ ಮೇಲೆ ಕೂತಿದೆ.