ಪಾಯಿಂಟ್ ಒಂದು ಕಡೆ, ರೈಲಿನ ಟೈಮ್ ಇನ್ನೊಂದು ಕಡೆ: ಬೆಳಗಾವಿಯಲ್ಲಿ ಹೋಟೆಲ್ ಹುಡುಕಿದ್ದು

ಬೆಂಗಳೂರು–ಬೆಳಗಾವಿ ವಂದೇ ಭಾರತ್ ಶುರುವಾಗಿದ್ದು 2025ರ ಆಗಸ್ಟ್ 10ಕ್ಕೆ. ಮಧ್ಯಾಹ್ನ 2.20ಕ್ಕೆ ಬೆಂಗಳೂರು ಬಿಟ್ಟರೆ ರಾತ್ರಿ 10.40ಕ್ಕೆ ಬೆಳಗಾವಿ. ವಾಪಸ್ ಗಾಡಿ ಬೆಳಗಿನ ಜಾವ 5.20ಕ್ಕೇ ಹೊರಡುತ್ತದೆ. ಹೋಟೆಲ್ ವಿಷಯ ಹೇಳೋಕೆ ಹೊರಟು ರೈಲಿನ ಟೈಮ್ ಯಾಕೆ ಅಂತೀರಾ? ಯಾವ ಹೋಟೆಲ್ ಅನ್ನೋದನ್ನು ಕೊನೆಗೆ ತೀರ್ಮಾನಿಸಿದ್ದೇ ಈ ಟೈಮ್.

ನನ್ನ ಹೆಂಡತಿಯ ಸೋದರಮಾವನ ಮನೆ ಇರೋದು ಟಿಳಕವಾಡಿಯಲ್ಲಿ. ಅವರ ಮಗಳ ಮದುವೆ. ಹೋಟೆಲಿನಲ್ಲಿ ಇಳಿದುಕೊಳ್ಳುತ್ತೇವೆ ಅಂದಿದ್ದಕ್ಕೆ ಮಾವ ಫೋನಿನಲ್ಲೇ ಬೇಜಾರು ಮಾಡಿಕೊಂಡರು. "ಅಳಿಯಂದ್ರ, ಮನಿ ಇರೂ ಮುಂದ ಹೋಟೆಲ್ ಯಾಕ್ರಿ?" ಮದುವೆ ಮನೆಯಲ್ಲಿ ಬೆಳಗ್ಗೆ ಬಚ್ಚಲಿಗೆ ಎಷ್ಟು ಜನ ಕಾಯುತ್ತಾರೆ ಅಂತ ಗೊತ್ತಿರುವವರು ಈ ಪ್ರಶ್ನೆ ಕೇಳಬಾರದು. ಜೊತೆಗೆ ಅಮ್ಮನಿಗೆ ಮೊಣಕಾಲು ನೋವು. ಹೋಟೆಲೇ ಸರಿ ಅಂತ ಗಟ್ಟಿ ಮಾಡಿದೆವು.

ಉಳಿದದ್ದು ಎರಡು ಆಯ್ಕೆ. ಒಂದು, ಕಾಕತಿ ಹತ್ತಿರ ಹೆದ್ದಾರಿಗೆ ಹೊಂದಿಕೊಂಡಿರುವ ಫೇರ್‌ಫೀಲ್ಡ್. ಮ್ಯಾರಿಯಟ್ ಬಳಗದ್ದು. ಅವರ ಹೋಟೆಲುಗಳಲ್ಲಿ ತಂಗಿದಷ್ಟೂ ಪಾಯಿಂಟ್ ಕೂಡುತ್ತಾ, ಆ ಪಾಯಿಂಟಿಗೆ ಮುಂದೆ ರೂಮು ಸಿಗುವ ಮೆಂಬರ್ ಯೋಜನೆಯ ಹೆಸರು ಬಾನ್‌ವಾಯ್. ಆಫೀಸಿನ ಟೂರುಗಳ ದಯೆಯಿಂದ ಅದರಲ್ಲಿ ನಾನು ಗೋಲ್ಡ್ ಮೆಂಬರ್. ಇನ್ನೊಂದು, ಊರೊಳಗೆ, ಸ್ಟೇಷನ್ನಿಗೂ ಟಿಳಕವಾಡಿಗೂ ಹತ್ತಿರದ, ಊರಿನವರೇ ನಡೆಸುವ ಹೋಟೆಲ್. ರೂಮುಗಳು ಒಳ್ಳೆಯ ದರ್ಜೆಯವೇ. ಆದರೆ ಪಾಯಿಂಟೂ ಇಲ್ಲ, ಕಾರ್ಡೂ ಇಲ್ಲ.

ಗೋಲ್ಡ್ ಅಂದ ಕೂಡಲೇ ತಿಂಡಿ ಫ್ರೀ ಅಂದುಕೊಳ್ಳುವವರು ಜಾಸ್ತಿ. ಇಲ್ಲ. ಬಾನ್‌ವಾಯ್‌ನಲ್ಲಿ ವರ್ಷಕ್ಕೆ 10 ರಾತ್ರಿ ತಂಗಿದರೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ. ಎಷ್ಟೋ ಹೋಟೆಲುಗಳಲ್ಲಿ ತಿಂಡಿಯ ಮಾತು ಬರುವುದೇ ಪ್ಲಾಟಿನಂನಿಂದ. ಗೋಲ್ಡ್‌ನವರಿಗೆ ಪಾಯಿಂಟು ಕಾಲು ಭಾಗ ಹೆಚ್ಚು, ಖಾಲಿ ಇದ್ದರೆ ಸ್ವಲ್ಪ ಚೆನ್ನಾಗಿರುವ ರೂಮು, ಖಾಲಿ ಇದ್ದರೆ ಮಧ್ಯಾಹ್ನ 2ರ ತನಕ ರೂಮು ಇಟ್ಟುಕೊಳ್ಳುವ ಅವಕಾಶ. ಈ "ಖಾಲಿ ಇದ್ದರೆ"ಯನ್ನು ಮರೆಯಬಾರದು. ಅದೂ ಅವರದೇ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಬುಕ್ ಮಾಡಿದರೆ ಮಾತ್ರ. ಬೇರೆ ಟ್ರಾವೆಲ್ ಆ್ಯಪ್‌ನಲ್ಲಿ ನೂರಿನ್ನೂರು ಕಡಿಮೆಗೆ ಸಿಕ್ಕಿತು ಅಂತ ಹೋದರೆ ಪಾಯಿಂಟ್ ಸಿಗುವುದಿಲ್ಲ.

ಈಗ ಇದನ್ನು ರೈಲಿನ ಪಕ್ಕ ಇಟ್ಟು ನೋಡಿ. ರಾತ್ರಿ 10.40ಕ್ಕೆ ಇಳಿದು, ನೋಯುವ ಮೊಣಕಾಲಿನ ಅಮ್ಮನನ್ನು ಆಟೋದಲ್ಲಿ ಕೂರಿಸಿ, ಊರು ದಾಟಿ ಕೊಲ್ಹಾಪುರದ ಕಡೆ ಹೋಗಬೇಕು. ಒಳ್ಳೆ ರೂಮು ಕೊಟ್ಟರೂ ಕಣ್ಣು ಬಿಟ್ಟು ನೋಡುವವರು ಯಾರು? ವಾಪಸ್ ಬರುವಾಗ ವಂದೇ ಭಾರತ್ ಹಿಡಿಯಬೇಕಾದರೆ ನಾಲ್ಕು ಗಂಟೆಗೇ ಹೋಟೆಲ್ ಬಿಡಬೇಕು. ಆಮೇಲೆ 2 ಗಂಟೆ ತನಕ ರೂಮು ನಿಮ್ಮದೇ ಅಂದರೆ ಏನು ಮಾಡೋದು!

ಇನ್ನೊಂದು ಲೆಕ್ಕವೂ ಇದೆ, ಜಿಎಸ್‌ಟಿಯದ್ದು. 2025ರ ಸೆಪ್ಟೆಂಬರ್ 22ರಿಂದ ದಿನದ ಬಾಡಿಗೆ 7,500 ರೂಪಾಯಿ ತನಕ ಇದ್ದರೆ ತೆರಿಗೆ ಶೇ. 5. ಅದನ್ನು ದಾಟಿದರೆ ಶೇ. 18. 7,800 ರೂಪಾಯಿಯ ರೂಮಿಗೆ ತೆರಿಗೆ ಸೇರಿ 9,204 ಆಗುತ್ತದೆ. ಅದೇ ರೂಮಿಗೆ ಮೆಂಬರ್ ಅಂತ ಶೇ. 5 ಕಡಿಮೆ ಮಾಡಿದರೆ ಬಾಡಿಗೆ 7,410ಕ್ಕೆ ಇಳಿದು, ಒಟ್ಟು ಬಿಲ್ಲು 7,780ರ ಹತ್ತಿರ ಬರುತ್ತದೆ. ರಿಯಾಯಿತಿ 390 ರೂಪಾಯಿ, ಉಳಿತಾಯ ಸಾವಿರದ ನಾನೂರು ದಾಟಿತು. ನನ್ನ ಕೇಳಿದರೆ ಪಾಯಿಂಟಿಗಿಂತ ಈ ಮೆಂಬರ್ ರೇಟೇ ದೊಡ್ಡ ಲಾಭ. ಇದಕ್ಕೆ ಗೋಲ್ಡ್ ಆಗಿರಬೇಕಿಲ್ಲ, ಪುಕ್ಕಟೆ ಹೆಸರು ನೋಂದಾಯಿಸಿಕೊಂಡರೆ ಸಾಕು. 7,500ರ ಗಡಿಯ ಹತ್ತಿರದ ಬಾಡಿಗೆ ಕಂಡಾಗಲೆಲ್ಲ ಒಮ್ಮೆ ಕೂಡಿ ಕಳೆದು ನೋಡಿ.

ಕೊನೆಗೆ ಇಬ್ಭಾಗ ಮಾಡಿದೆವು. ಮದುವೆ ಮುಗಿಯುವ ತನಕ ಊರೊಳಗಿನ ಹೋಟೆಲ್. ಕೊನೆಯ ರಾತ್ರಿ ಕಾಕತಿ. ಮ್ಯಾರಿಯಟ್ ಹೆಸರಿನ ಎಚ್‌ಡಿಎಫ್‌ಸಿ ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೊಂದು ಫ್ರೀ ರಾತ್ರಿ ಬರುತ್ತದೆ, ಒಂದು ರಾತ್ರಿಗೆ 15,000 ಪಾಯಿಂಟ್ ಒಳಗೆ ಸಿಗುವ ಹೋಟೆಲಿಗೆ. ವರ್ಷದೊಳಗೆ ಬಳಸದಿದ್ದರೆ ಹೋಯಿತು. ಬೆಂಗಳೂರು, ಮುಂಬೈನ ದೊಡ್ಡ ಹೋಟೆಲುಗಳು ಅಷ್ಟಕ್ಕೆ ಬಗ್ಗುವುದು ಅಪರೂಪ. ಇಂಥ ಊರುಗಳಲ್ಲೇ ಅದನ್ನು ಖರ್ಚು ಮಾಡಬೇಕು. ವಾಪಸ್ ಬರಲು ರಾತ್ರಿ ರೈಲಿಗೆ ಟಿಕೆಟ್ ತೆಗೆಸಿದೆ. ಆಗ 2 ಗಂಟೆಯ ಸವಲತ್ತಿಗೂ ಒಂದು ಅರ್ಥ ಬಂತು.

ಊರೊಳಗಿನ ಹೋಟೆಲಿನವರು ನಾವು ರೈಲಿನಲ್ಲಿರುವಾಗಲೇ ಫೋನ್ ಮಾಡಿದರು. "ಊಟ ಮಾಡ್ಕೊಂಡ ಬರ್ತೀರೇನ್ರಿ? ಕಿಚನ್ ಹನ್ನೊಂದಕ್ಕ ಬಂದ್ ಆಗತೈತಿ, ನಿಮಗಂತ ತೆಗೆದಿಡ್ತೀವ್ರಿ." ರೂಮಿಗೆ ಹೋದರೆ ಟೇಬಲ್ಲಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಬಟ್ಟಲಲ್ಲಿ ಗಟ್ಟಿ ಮೊಸರು. ಅಮ್ಮ ಚಪಾತಿ ಮುಟ್ಟಿ ನೋಡಿ, "ಇನ್ನೂ ಬೆಚ್ಚಗಿದೆ ಕಣೋ" ಅಂದರು. ಬಾನ್‌ವಾಯ್‌ನ ಯಾವ ಮೆಟ್ಟಿಲಲ್ಲೂ ಇದನ್ನು ಬರೆದಿಲ್ಲ.

ಮದುವೆಯ ಮಾರನೇ ದಿನ ಕೋಟೆಗೆ ಹೋದೆವು. ಒಳಗಿರುವ ಕಮಲ ಬಸದಿ 1204ರದ್ದು. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಕಲ್ಲಿನ ಕಮಲ ಚಾವಣಿಯಿಂದ ಕೆಳಕ್ಕೆ ತೂಗಿಕೊಂಡಿದೆ. ಕಂಬಗಳು ಕನ್ನಡಿಯಂತೆ ನುಣುಪು. ಅಮ್ಮ ಮೊಣಕಾಲು ಮರೆತು ಗರ್ಭಗುಡಿಯ ನೇಮಿನಾಥನ ಮುಂದೆ ಬಹಳ ಹೊತ್ತು ಕೂತರು. ಪೇಟೆಯಲ್ಲಿ ಕುಂದಾ ಕಟ್ಟಿಸಿಕೊಂಡು, ಬ್ಯಾಗು ಎತ್ತಿಕೊಂಡು ಕಾಕತಿಗೆ ಹೊರಟೆವು. ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು ಅದು.

ಕಾಕತಿಯ ರೂಮಿನ ಬಗ್ಗೆ ಹೇಳುವಂಥದ್ದು ಕಡಿಮೆ. ಚೊಕ್ಕ ರೂಮು, ಒಳ್ಳೆ ಹಾಸಿಗೆ. ಎಲ್ಲ ಊರಿನಲ್ಲೂ ಒಂದೇ ಥರ ಇರೋದೇ ಇಂಥ ಹೋಟೆಲಿನ ಗುಣ. 2 ಗಂಟೆ ತನಕ ಇರಲು ಕೇಳಿದೆ, ಕೊಟ್ಟರು. ಮದುವೆ ಓಡಾಟದ ಸುಸ್ತಿಗೆ ಅಮ್ಮ ಬೆಳಗ್ಗೆಯೆಲ್ಲ ಮಲಗಿದ್ದರು. ಅಷ್ಟಕ್ಕೇ ನನಗೆ ಗೋಲ್ಡ್ ಸಾರ್ಥಕ ಅನ್ನಿಸಿತು.

ಒಂದು ಮಾತು. ಡಿಸೆಂಬರಿನಲ್ಲಿ ಹೋಗುವವರು ಸುವರ್ಣ ವಿಧಾನಸೌಧದ ಅಧಿವೇಶನದ ತಾರೀಕು ನೋಡಿಕೊಂಡು ಬುಕ್ ಮಾಡಿ. ಶಾಸಕರು, ಅಧಿಕಾರಿಗಳು, ವರದಿಗಾರರು ಎಲ್ಲ ಬಂದು ಇಳಿದಾಗ ರೂಮು ಸಿಗುವುದೇ ಕಷ್ಟ. ಖಾಲಿ ಇದ್ದರೆ ಕೊಡುವ ಸವಲತ್ತನ್ನಂತೂ ಕೇಳಲೇಬೇಡಿ.

ಫ್ರೀ ರಾತ್ರಿಯ ರೂಮಿಗೆ ಪಾಯಿಂಟ್ ಬರುವುದಿಲ್ಲ. ಊಟದ ಬಿಲ್ಲಿಗೆ ಮಾತ್ರ ಬರುತ್ತದೆ. ಒಂದು ಡಾಲರಿನಷ್ಟು ಖರ್ಚಿಗೆ 10 ಪಾಯಿಂಟ್, ಮೇಲೆ ಗೋಲ್ಡ್‌ನ ಕಾಲು ಭಾಗ. ಎರಡು ಸಾವಿರ ರೂಪಾಯಿ ಊಟಕ್ಕೆ 280ರ ಆಸುಪಾಸು. ರೈಲಿನಲ್ಲಿ ಕೂತು ಹೆಂಡತಿಗೆ ಹೆಮ್ಮೆಯಿಂದ ಇದನ್ನು ವಿವರಿಸಿದೆ.

"ಹೀಗೇ ಊಟ ಮಾಡ್ತಾ ಹೋದ್ರೆ ಮುಂದಿನ ಫ್ರೀ ರೂಮು ಮೊಮ್ಮಕ್ಕಳ ಮದುವೆಗೆ ಸಿಗುತ್ತೆ ರೀ" ಅಂತ ಹೇಳಿ ಅವಳು ಕುಂದಾದ ಡಬ್ಬಿ ತೆಗೆದಳು.