ಮಲ್ಪೆಯ ದ್ವೀಪವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ, ಆದರೆ ಬೆಳಿಗ್ಗೆಯೇ ಹೋಗಿ

ಉಡುಪಿಗೆ ದಿಢೀರ್ ಅಂತ ಹೊರಟುಬಿಟ್ಟವರಿಗೆ ನನ್ನದೊಂದು ಸಲಹೆ. ಸೇಂಟ್ ಮೇರಿಸ್ ದ್ವೀಪವನ್ನು ಬಂದ ದಿನವೇ ನೋಡುವ ಆತುರ ಬೇಡ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿ, ನಿದ್ದೆಗೆಟ್ಟು ಬಂದವರು ಅದೇ ಹೊಟ್ಟೆಯಲ್ಲಿ ದೋಣಿ ಹತ್ತಿದರೆ ವಾಂತಿ ಗ್ಯಾರಂಟಿ. ಮಠ, ರಥಬೀದಿ, ಕಾಪು ದೀಪಸ್ತಂಭ ಎಲ್ಲ ಮೊದಲು ಮುಗಿಸಿ, ಊರಿಗೆ ಹೊರಡುವ ದಿನದ ಬೆಳಗನ್ನು ದ್ವೀಪಕ್ಕೆ ಬಿಡಿ. ರಾತ್ರಿ ರೈಲಿದ್ದರಂತೂ ಈ ಲೆಕ್ಕ ಬಹಳ ಸಲೀಸು.

ನಾವು ಹೋದದ್ದು ಹಾಗೆಯೇ. ಇವರಿಗೆ ರಜೆ ಸಿಕ್ಕಿತು, ಅತ್ತೆ ‘ಸಮುದ್ರ ನೋಡದೆ ಎಷ್ಟು ವರ್ಷ ಆಯ್ತು’ ಅಂದರು, ಬೆಂಗಳೂರಿನಿಂದ ಅದೇ ರಾತ್ರಿ ಹೊರಟೆವು. ಕೊನೆಯ ದಿನಕ್ಕೆ ಉಳಿದದ್ದು ದ್ವೀಪ ಒಂದೇ. ಹಿಂದಿನ ಸಂಜೆ ಮಲ್ಪೆ ಬೀಚಿಗೆ ಹೋದಾಗ ‘ನಾಳೆ ಬೋಟ್ ಬಿಡ್ತೀರಾ, ಮೊದಲನೆಯದು ಎಷ್ಟು ಹೊತ್ತಿಗೆ’ ಎಂದು ವಿಚಾರಿಸಿಕೊಂಡು ಬಂದಿದ್ದೆವು. ಇದನ್ನು ನೀವೂ ತಪ್ಪದೆ ಮಾಡಿ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ. ಮಳೆಗಾಲದಲ್ಲಂತೂ ಪೂರ್ತಿ ಬಂದ್; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪವನ್ನು ನಂಬಿಕೊಂಡು ಬರಬೇಡಿ.

ಬೆಳಿಗ್ಗೆ ರೂಮ್ ಖಾಲಿ ಮಾಡಿ, ಲಗೇಜನ್ನು ಲಾಡ್ಜಿನ ಕೌಂಟರಿನಲ್ಲೇ ಬಿಟ್ಟೆವು. ಕೇಳಿದರೆ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸುಗಳು ಒಂದರ ಹಿಂದೊಂದು ಇರುತ್ತವೆ, ಕಾರು ಮಾಡುವ ಅಗತ್ಯವೇ ಇಲ್ಲ. ತಿಂಡಿ ಹಗುರವಾಗಿರಲಿ. ಬನ್ಸ್, ಗೋಳಿಬಜೆ ಎಂದು ಆಸೆಪಟ್ಟು ಹೊಟ್ಟೆ ತುಂಬಿಸಿಕೊಳ್ಳಬೇಡಿ, ಎರಡು ಇಡ್ಲಿ ಸಾಕು.

ಬಂದರಿನ ಕಡೆಯಿಂದ ಹೊರಡುವ ದೊಡ್ಡ ದೋಣಿ ಸಾಕಷ್ಟು ಜನ ಸೇರಿದ ಮೇಲೆಯೇ ಹೊರಡುವುದು. ವಾರದ ದಿನವಾದರೆ ಸ್ವಲ್ಪ ಕಾಯಬೇಕಾದೀತು. ಭಾನುವಾರ ಕಾಯುವುದು ಕಡಿಮೆ, ಆದರೆ ದ್ವೀಪದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನಾದರೆ ಕಾಯುವುದನ್ನೇ ಆರಿಸಿಕೊಳ್ಳುತ್ತೇನೆ. ಅತ್ತೆಗೆ ಮಂಡಿನೋವು, ಹತ್ತುವುದು ಹೇಗಪ್ಪಾ ಎಂಬ ಚಿಂತೆ ಇತ್ತು. ದೋಣಿಯ ಹುಡುಗ ‘ಹೆದರ್ಬೇಡಿ ಅಮ್ಮಾ, ಕೈ ಕೊಡಿ, ನಾನು ಹಿಡ್ಕೊಳ್ತೇನೆ’ ಅಂದವನು ಅವರು ಕೂರುವ ತನಕ ಕೈ ಬಿಡಲಿಲ್ಲ. ವಯಸ್ಸಾದವರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ, ಅವರನ್ನು ಮುಂಚೆ ಹತ್ತಿಸುತ್ತಾರೆ. ಇಳಿಯುವಾಗ ಕಾಲು ನೆನೆಯಬಹುದು. ಸೀರೆಗಿಂತ ಚೂಡಿದಾರ್ ವಾಸಿ, ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ.

ಬೆಳಿಗ್ಗೆಯೇ ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಗಾಳಿ. ಬಿಸಿಲೇರಿ ನೆಲ ಕಾದ ಹಾಗೆ ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಅಲೆ ಏಳುತ್ತದೆ. ‘ಮಧ್ಯಾಹ್ನ ಆದ್ಮೇಲೆ ಸ್ವಲ್ಪ ಕುಣೀತದೆ ಮಾರಾಯ್ರೆ’ ಎಂದು ಆ ಹುಡುಗನೂ ಹೇಳಿದ. ನಾವು ಹೋಗುವಾಗ ನೀರು ಅಲುಗದಂತಿತ್ತು, ಅತ್ತೆ ದಾರಿಯುದ್ದಕ್ಕೂ ಕಂಬಿ ಹಿಡಿಯದೆ ಕೂತಿದ್ದರು.

ದ್ವೀಪದಲ್ಲಿ ಇಳಿದವರು ಹೆಚ್ಚಿನವರು ತೆಂಗಿನ ಮರದ ಕೆಳಗೆ ಫೋಟೊ ತೆಗೆದು, ನೀರಲ್ಲಿ ಆಡಿ ವಾಪಸ್ಸಾಗುತ್ತಾರೆ. ದಯವಿಟ್ಟು ಅಷ್ಟಕ್ಕೇ ಬರಬೇಡಿ. ಮರಗಳ ನಡುವೆ ಹಾದು ಪಶ್ಚಿಮದ ಬದಿಗೆ ಹೋಗಿ. ಅಲ್ಲಿರುವ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿತು, ಕುಗ್ಗಿದಂತೆ ಬಿರುಕು ಬಿಟ್ಟಿತು, ಬಿರುಕು ಮೇಲಿನಿಂದ ಕೆಳಗಿಳಿದು ಕಂಬವಾಯಿತು. ಐದು, ಆರು, ಏಳು ಮುಖದ ಕಂಬಗಳೆಲ್ಲ ಒತ್ತೊತ್ತಾಗಿ ನಿಂತಿವೆ. ನಾನು ಒಂದರ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ತಲೆ ಅಂಗೈಯಷ್ಟು ಸಪಾಟು, ಅಂಚು ಉಳಿಯಿಂದ ಹೊಡೆದಷ್ಟು ನೇರ. ಪಕ್ಕದ ಕಂಬದ ನಡುವಿನ ಸಂದಿಯಲ್ಲಿ ಬೆರಳಗಲದ ನೀರು, ಅದರಲ್ಲಿ ಉಗುರಿನಷ್ಟು ದೊಡ್ಡ ಏಡಿ ನನ್ನ ನೆರಳು ಬಿದ್ದದ್ದೇ ಒಳಗೆ ಸರಿಯಿತು. ಮನುಷ್ಯರ ಕೈ ಸೋಕದೆ ಇಷ್ಟು ಅಚ್ಚುಕಟ್ಟು ಹೇಗೆ ಬಂತು ಎಂದು ಇವರು ಮತ್ತೆ ಮತ್ತೆ ಕೇಳುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಮಾತೂ ಇದೆ. ನನಗೆ ಮಾತ್ರ ಆ ಕಲ್ಲುಗಳ ಮುಂದೆ ಗಾಮಾ ನಿನ್ನೆ ಮೊನ್ನೆ ಬಂದವನಂತೆ ಅನ್ನಿಸಿದ. ನೀರು ಇಳಿತದಲ್ಲಿದ್ದಾಗ ಕಲ್ಲುಗಳು ಹೆಚ್ಚು ಕಾಣುತ್ತವೆ. ಮೊಬೈಲಿನಲ್ಲಿ ಭರತ ಇಳಿತದ ಸಮಯ ನೋಡಿಕೊಂಡು ಹೋದರೆ ಒಳ್ಳೆಯದು.

ಆದರೆ ನೀರಿಗೆ ತಾಗಿದ ಬಂಡೆಯ ಮೇಲೆ ಹತ್ತಬೇಡಿ. ಪಾಚಿ ಜಾರುತ್ತದೆ, ಬಂಡೆಗೆ ಅಂಟಿದ ಚಿಪ್ಪುಗಳು ಪಾದ ಕೊಯ್ಯುತ್ತವೆ, ಹೊಡೆವ ಅಲೆ ಹೇಳಿ ಕೇಳಿ ಬರುವುದಿಲ್ಲ. ಸೆಲ್ಫಿಗೆಂದು ಅಂಚಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ಸಿಟ್ಟಾಗದೆ ಹಿಂದೆ ಬನ್ನಿ. ಮಕ್ಕಳನ್ನು ನೀರಿಗೆ ಬಿಡುವುದಾದರೆ ಗುರುತು ಮಾಡಿದ ಜಾಗದಲ್ಲಿ ಮಾತ್ರ.

ಪ್ಲಾಸ್ಟಿಕ್ ತರಬೇಡಿ, ನಮ್ಮ ಚೀಲ ತೆರೆಸಿ ನೋಡಿದರು. ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಒಣ ಟವೆಲ್ ಇದ್ದರೆ ಆಯಿತು. ಚಿಪ್ಪುಗಳನ್ನು ಆರಿಸಿ ಜೇಬಿಗೆ ಹಾಕಿಕೊಳ್ಳಬೇಡಿ. ಅಲ್ಲಿನ ದಡವೇ ಚಿಪ್ಪಿನ ಚೂರುಗಳಿಂದ ಆದದ್ದು, ಎಲ್ಲರೂ ಒಂದೊಂದು ಹಿಡಿ ಒಯ್ದರೆ ಉಳಿಯುವುದೇನು? ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ, ವಾಪಸ್ಸಿನ ದೋಣಿ ಯಾವಾಗ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ಮಧ್ಯಾಹ್ನದೊಳಗೆ ದಡಕ್ಕೆ ಬಂದರೆ ಮಲ್ಪೆಯಲ್ಲೇ ಊಟ. ಇವರು ಬಂಗುಡೆ ಫ್ರೈ ತಿಂದರು. ಅತ್ತೆ ಮೀನು ಮುಟ್ಟುವವರಲ್ಲ, ಉಡುಪಿಗೆ ಹೋದ ಮೇಲೆಯೇ ಉಂಡರು. ಅದಕ್ಕೆ ಮೊದಲು ಬೀಚಿನ ಹತ್ತಿರದ ವಡಭಾಂಡೇಶ್ವರಕ್ಕೆ ಕರೆದುಕೊಂಡು ಹೋದೆವು. ಮಧ್ವಾಚಾರ್ಯರಿಗೆ ಹಡಗಿನಿಂದ ಸಿಕ್ಕ ಗೋಪೀಚಂದನದ ಗಡ್ಡೆಯಲ್ಲಿ ಕೃಷ್ಣನ ಜೊತೆ ಬಲರಾಮನೂ ಇದ್ದ, ಬಲರಾಮ ಇಲ್ಲೇ ನೆಲೆ ನಿಂತ ಎಂಬುದು ಪ್ರತೀತಿ. ಹಿಂದಿನ ದಿನ ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿದ್ದ ಅತ್ತೆಗೆ ಅಣ್ಣನನ್ನೂ ನೋಡಿದ ತೃಪ್ತಿ.

ಸಂಜೆ ಲಗೇಜ್ ತೆಗೆದುಕೊಳ್ಳುವ ಮೊದಲು ಪೇಟೆಯಲ್ಲಿ ಉಡುಪಿ ಮಲ್ಲಿಗೆ ಕೊಂಡೆವು. ಇಲ್ಲಿ ಮೊಳದ ಲೆಕ್ಕವಿಲ್ಲ. ಚೆಂಡು ಎನ್ನುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಬದಲಾಗುತ್ತದೆ, ಹಬ್ಬ ಮದುವೆಗಳ ಹೊತ್ತಿಗೆ ಏರುತ್ತದೆ. ಬಾಳೆ ಎಲೆಯಲ್ಲಿ ಕಟ್ಟಿಸಿಕೊಳ್ಳಿ, ಮಾರನೆಯ ಬೆಳಿಗ್ಗೆಗೂ ಬಾಡುವುದಿಲ್ಲ. ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಬಸ್ ನಿಲ್ದಾಣದಿಂದ ಆಟೊ ಬೇಕೇ ಬೇಕು. ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ, ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಊರು. ಟಿಕೆಟ್ ಮಾತ್ರ ಹೊರಡುವ ನಿರ್ಧಾರ ಮಾಡಿದ ಕೂಡಲೇ ನೋಡಿ. ಸಿಗದಿದ್ದರೆ ರಾತ್ರಿ ಬಸ್ಸುಗಳು ಬೇಕಾದಷ್ಟಿವೆ.